ಬಿಟ್ಟ ಮೊಲದ ಗಂಟು

"ಬೇವರ್ಸಿ ನನ್ಮಗನೆ, ಹನ್ನೊಂದು ಮೊಲ ಕೊಂದಿದೀನಿ ಅಂತ ಹಲ್ಲು ಕಿಸ್ಕೊಂಡು ಬೇರೆ ಹೇಳ್ತೀಯಾ?"

ಅರಣ್ಯಾಧಿಕಾರಿ ಪ್ರಸನ್ನ ಕುಮಾರ್ ಎಸೆದ ಸೆಣಬಿನ ಹುರಿ ಚಿಕ್ಕನರಸಯ್ಯನ ಎದೆಗೆ ಬಡಿದು ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಂಡು ಧೂಳು ಕೊಡವಿದ. ವರ್ಷವಿಡೀ ಒಂದೂ ತಪ್ಪದಂತೆ ಹಾಕಿದ ಗಂಟುಗಳು ಅದರಲ್ಲಿದ್ದವು.

ಹಾಕಿಸಿದವಳು ರಕ್ಷಾ. ಎಷ್ಟು ಬೇಟೆಯಾಡಿದರೆ ಕಾಡಿಗೆ ಕೇಡಿಲ್ಲ ಎಂದು ಸರ್ಕಾರಕ್ಕೆ ವರದಿ ಬರೆಯುವವಳು. ಹೋದ ವರ್ಷ ಸಿದ್ದರಬೆಟ್ಟದ ತಪ್ಪಲಿನ ಇವನ ಗುಡಿಸಲಿಗೆ ಬಂದು, "ಪುರಾವೆ ಇದ್ರೆ ನಿಮ್ಮ ಬಲೆಗೆ ಪರವಾನಗಿ ಕೇಳಬಹುದು, ತಾತ" ಅಂದಿದ್ದಳು. ಓದು ಬಾರದ ಈ ಪುಣ್ಯಾತ್ಮ ನಂಬಿಬಿಟ್ಟ. ಕೊಂದದ್ದಕ್ಕೆ ದೊಡ್ಡ ಗಂಟು, ಬಿಟ್ಟದ್ದಕ್ಕೆ ಸಣ್ಣ ಗಂಟು. ಇವತ್ತು ಸಭೆ ಎಂದು ಅರಣ್ಯ ಇಲಾಖೆಯ ಕಚೇರಿಗೆ ಕರೆಸಿದರು. ಬಂದು ನೋಡಿದರೆ ಮೇಜಿನ ಮೇಲೆ ತಪ್ಪೊಪ್ಪಿಗೆಯ ಕಾಗದ. ತೋರಿಸಲೆಂದು ತಾನೇ ಹೊತ್ತು ತಂದ ಬಲೆಗೆ ಆಗಲೇ ಜಪ್ತಿಯ ಚೀಟಿ ಅಂಟಿತ್ತು.

"ಸಣ್ಣವು ಹತ್ತೊಂಬತ್ತವೆ, ಅವ್ನೂ ಎಣಿಸ್ಕಳಿ ಸ್ವಾಮಿ. ಬಲೇಗ್ ಬಿದ್ದ ಮೊಲದ ಮೊಲೆ ಅಮುಕ್ತೀವಿ. ಹಾಲು ಜಿನುಗ್ತೋ, ಬುಟ್ಬುಡ್ತೀವಿ. ನಮ್ಮಪ್ಪನೂ ಅಂಗೇ ಮಾಡ್ತಿದ್ದ."

"ಬಿಟ್ಟಿದ್ದಕ್ಕೆ ಸಾಕ್ಷಿ ಯಾರೋ? ಮೊಲ ಬಂದು ಹೇಳುತ್ತಾ? ಒತ್ತು ಹೆಬ್ಬೆಟ್ಟು!"

ಕೊಂದದ್ದಕ್ಕೆ ಇವನ ಬಾಯಿಮಾತು ಸಾಕು, ಬಿಟ್ಟದ್ದಕ್ಕೆ ಸಾಲದು! ಚಿಕ್ಕನರಸಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಆ ಬಲೆ ಹೋದರೆ ಅವನ ಮನೆಯಲ್ಲಿ ಒಲೆ ಹತ್ತುವುದು ಕಷ್ಟ.

ಸಾಹೇಬರ ಪಕ್ಕದಲ್ಲಿ ಕೂತಿದ್ದ ರಕ್ಷಾ ಹುರಿಯನ್ನೇ ನೋಡುತ್ತಿದ್ದಳು. ಏಳು ದೊಡ್ಡ ಗಂಟುಗಳಿಗೆ ಕೆಂಪು ಚಿಂದಿ ಸುತ್ತಿತ್ತು. "ಇದ್ಯಾಕೆ ತಾತ?" ಎಂದು ಮೆಲ್ಲಗೆ ಕೇಳಿದಳು.

"ಅವು ನಾವ್ ತಿಂದಿದ್ದಲ್ಲ ಕಣವ್ವ. ನೆಂಟ್ರು ಬಂದವ್ರೆ, ಮೊಲ ತತ್ತಾ ಅಂತ ಈ ಸಾಹೇಬ್ರು ಜೀಪ್ ಕಳಿಸ್ತಿದ್ರಲ್ಲ, ಅವು. ಬರ್ಕೊ."

ರಕ್ಷಾ ಪೆನ್ನು ಎತ್ತಿದಳು. ಸಾಹೇಬರ ಮುಖ ನೋಡಿದಳು. ಪೆನ್ನಿಗೆ ಮುಚ್ಚಳ ಹಾಕಿದಳು.

"ಸೂಳೆಮಗನೆ, ಕೊಡೋ ಇಲ್ಲಿ ಅದನ್ನ!"

ಚಿಕ್ಕನರಸಯ್ಯ ಹುರಿಯನ್ನು ಮುಷ್ಟಿಗೆ ಸುತ್ತಿಕೊಂಡು ಹೊರಗೆ ಬಂದ. ಮರ ಕಡಿಯಲು ಅನುಮತಿ ಕೇಳಲು ಬಂದ ಜನ ಜಗಲಿಯಲ್ಲಿ ಸಾಲಾಗಿ ನಿಂತಿದ್ದರು. ಅವರಿಗೆ ಎದುರಾಗಿ ಬಾಗಿಲಿಗೆ ಅಡ್ಡ ಕೂತ. ಗಾರ್ಡು ಬಂದು ಕೊರಳಪಟ್ಟಿ ಹಿಡಿದು ಎಳೆದ. ಅಂಗಿ ಹರಿಯಿತು, ಆಸಾಮಿ ಏಳಲಿಲ್ಲ.

"ಬರ್ಕೊಳ್ಳೋಗಂಟ ಏಳಾಕಿಲ್ಲ ಕಣ್ಲಾ!" ಎಂದವನು ಹುರಿಯ ತುದಿ ಹಿಡಿದು, ಒಂದೊಂದೇ ಗಂಟು ಸವರುತ್ತ, ಜಗಲಿಗೆಲ್ಲ ಕೇಳುವಂತೆ ಓದತೊಡಗಿದ.

"ಇದು ಬುಟ್ಟಿದ್ದು. ಇದು ಬುಟ್ಟಿದ್ದು. ಇದು ನಾನ್ ತಿಂದಿದ್ದು. ಇದು ಸಾಹೇಬ್ರು ತಿಂದಿದ್ದು."