ಹತ್ತೊಂಬತ್ತು ದಿನ

ಬೀಫಾತುಮ್ಮ ಕಿರಿಮಗಳನ್ನು ಶಾಲೆಗೆ ಸೇರಿಸಲು ಹೋದದ್ದು ಐವತ್ತೆಂಟನೆಯ ಇಸವಿಯ ಜೂನ್ ತಿಂಗಳ ಮೊದಲ ಸೋಮವಾರ. ಕಾಣಿಯೂರಿನಿಂದ ಒಳಗೆ ಎರಡು ಮೈಲಿ ದಾರಿ, ನಡುವೆ ನೀರು ಹರಿಯುವ ಒಂದು ತೋಡು, ಅದನ್ನು ದಾಟಿದರೆ ಏರು. ಹಿಂದಿನ ದಿನವಿಡೀ ಬೀಡಿ ಕಟ್ಟಿ ಅವಳ ಬೆನ್ನು ಮರಗಟ್ಟಿತ್ತು. ಐದು ವರ್ಷದ ನೆಬೀಸ ಮಾತ್ರ ಹೊಸ ಕುಪ್ಪಾಯ ತೊಟ್ಟು ಮುಂದೆ ಮುಂದೆ ಓಡುತ್ತಿದ್ದಳು.

ಶಾಲೆಯೆಂದರೆ ಒಂದು ಉದ್ದನೆಯ ಕೋಣೆ, ಐದು ತರಗತಿ, ಒಬ್ಬರೇ ಮಾಷ್ಟ್ರು. ಜತ್ತಪ್ಪ ಮಾಷ್ಟ್ರು ದಾಖಲಾತಿ ಪುಸ್ತಕ ಬಿಡಿಸಿಕೊಂಡು ಕುಳಿತಿದ್ದರು. ಮೊದಲು ಒಂದು ಚೀಟಿಯಲ್ಲಿ ಮಗುವಿನ ಹೆಸರು ಬರೆದಾಯಿತು. ತಂದೆ ಪೋಕರ್, ಸಂತೆಯಿಂದ ಸಂತೆಗೆ ಒಣಮೀನು ಹೊತ್ತು ಮಾರುವವನು ಎಂದೂ ಬರೆದಾಯಿತು. ಹುಟ್ಟಿದ ದಿನ ಕೇಳಿದಾಗ ಅವಳು, ಮೊನ್ನಿನ ಸಣ್ಣ ಪೆರ್ನಾಲಿಗೆ ಐದು ತುಂಬಿತು ಎಂದಳು. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಉಪವಾಸದ ತಿಂಗಳು ಮುಗಿದು, ಹಬ್ಬ ಕಳೆದು ಏಳನೆಯ ದಿನ ನೆಬೀಸ ಹುಟ್ಟಿದ್ದು. ಆಮೇಲೆ ಐದು ಪೆರ್ನಾಲು ಬಂದು ಹೋಗಿದ್ದವು.

ಹುಟ್ಟುವಾಗ ಮಳೆ ಇತ್ತೇ ಎಂದು ಮಾಷ್ಟ್ರು ಕೇಳಿದರು. ಇತ್ತು. ಆ ವರ್ಷ ಮಾಡಿಗೆ ಹುಲ್ಲು ಹೊದೆಸಿ ಮುಗಿದಿರಲಿಲ್ಲ, ಬಾಣಂತಿಯ ಚಾಪೆಯನ್ನು ಮೂಲೆಯಿಂದ ಮೂಲೆಗೆ ಎಳೆಯಬೇಕಾಗಿತ್ತು. ಈ ಸಲದ ಪೆರ್ನಾಲು ಬಂದದ್ದಾದರೋ ಉರಿಬಿಸಿಲಿನಲ್ಲಿ. ಮಾಷ್ಟ್ರು ಎದ್ದು ಕಪಾಟಿನಿಂದ ಐವತ್ತಮೂರರ ಹಾಜರಿ ಪುಸ್ತಕ ತೆಗೆದು ಧೂಳು ಕೊಡವಿದರು. ಹಬ್ಬದ ರಜೆಯನ್ನು ಜೂನ್ ಹದಿಮೂರರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು.

"ಹಾಗಾದ್ರೆ ಇವಳು ಹುಟ್ಟಿದ್ದು ಜೂನ್ ಇಪ್ಪತ್ತಕ್ಕೆ. ಜೂನ್ ಒಂದಕ್ಕೆ ಐದು ತುಂಬಿರಬೇಕು ಅಂತ ಕಾನೂನು. ಹತ್ತೊಂಬತ್ತು ದಿನ ಕಮ್ಮಿ ಉಂಟು, ಬೀಫಾತುಮ್ಮ."

ಚಂದ್ರನ ಲೆಕ್ಕದ ವರ್ಷ ಹನ್ನೊಂದು ದಿನ ಗಿಡ್ಡ, ಐದು ವರ್ಷಕ್ಕೆ ಹತ್ತಿರ ಹತ್ತಿರ ಎರಡು ತಿಂಗಳು ಹಿಂದೆ ಬರುತ್ತದೆ ಎಂದು ಅವರು ಸೀಮೆಸುಣ್ಣದ ತುಂಡುಗಳನ್ನು ಮೇಜಿನ ಮೇಲಿಟ್ಟು ತೋರಿಸಿದರು. ಅದು ಅವಳಿಗೆ ಅರ್ಥವಾಯಿತು. ಹಾಗಿದ್ದರೆ ಇಪ್ಪತ್ತನೆಯ ತಾರೀಕಿಗೇ ಕರೆದುಕೊಂಡು ಬರುತ್ತೇನೆ ಎಂದಳು. ಹಾಗಾಗುವುದಿಲ್ಲವಂತೆ. ಶಾಲೆಯ ವರ್ಷ ಶುರುವಾಗುವುದು ಜೂನ್‌ನಲ್ಲಿ, ಆ ಒಂದನೆಯ ತಾರೀಕಿಗೆ ಐದು ತುಂಬದ ಮಗುವಿಗೆ ಮುಂದಿನ ಜೂನ್.

ಬೀಫಾತುಮ್ಮ ಜಗಲಿಯ ಮೇಲೆ ಕುಳಿತುಬಿಟ್ಟಳು. ನೆರೆಮನೆಯ ಸೇವಂತಿಗೆ ಬಿಸುವಿಗೆ ಹೊಸ ವರ್ಷ, ತನಗೆ ಮೊಹರಮ್ಮಿಗೆ, ಶಾಲೆಗೆ ಜೂನ್‌ಗೆ, ಅದೂ ತೋಡು ತುಂಬುವ ಹೊತ್ತಿಗೆ. ಒಂದೇ ಮಗು ಒಂದು ಲೆಕ್ಕದಲ್ಲಿ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು. ಮದ್ರಸದಲ್ಲಿ ಯಾರೂ ವಯಸ್ಸು ಕೇಳಿರಲಿಲ್ಲ.

ಹಿರಿಮಗಳು ಹವ್ವಮ್ಮನ ವಿಷಯದಲ್ಲಿಯೂ ಹೀಗೇ ಆಗಿತ್ತು. ಅವಳನ್ನು ಮೊದಲ ಸಲ ಕರೆದುಕೊಂಡು ಬಂದಾಗ ವಯಸ್ಸು ಸಾಲದು ಎಂದರು. ಮರುವರ್ಷ ಜೂನ್‌ನಲ್ಲಿ ಅವಳಿಗೆ ಸಿಡುಬು, ಎದ್ದು ಓಡಾಡುವಾಗ ಆಗಸ್ಟ್. ಅದರ ಮುಂದಿನ ಜೂನ್‌ನಲ್ಲಿ ಮನೆಯಲ್ಲಿ ನೆಬೀಸಳಿಗಿಂತ ಮೊದಲಿನ ಒಂದು ಹೊಸ ಕೂಸು, ನೋಡಿಕೊಳ್ಳಲು ಹವ್ವಮ್ಮನೇ ಬೇಕಾಗಿತ್ತು. ಹೀಗೆ ಒಂದೊಂದೇ ಜೂನ್ ಜಾರಿ, ಒಂಬತ್ತು ವರ್ಷದ ಹುಡುಗಿ ಚಿಕ್ಕ ಮಕ್ಕಳ ಸಾಲಿನಲ್ಲಿ ಕೂರುವುದಿಲ್ಲ ಎಂದು ತಾನೇ ಹಟ ಹಿಡಿದಳು. ಹದಿನಾಲ್ಕಕ್ಕೆ ಮದುವೆಯಾಗಿ ಬೆಟ್ಟಂಪಾಡಿಗೆ ಹೋದಳು. ತಪ್ಪು ಯಾರದ್ದೂ ಅಲ್ಲ. ಆದರೂ ಬೀಫಾತುಮ್ಮನಿಗೆ ಅದು ಒಳಗೊಳಗೆ ಕೊರೆಯುತ್ತಲೇ ಇತ್ತು.

ಒಂದನೆಯ ತಾರೀಕು ಎಂದೇ ಬರೆದುಕೊಳ್ಳಬಾರದೇ, ಎಲ್ಲ ಕಡೆ ಹಾಗೆ ಬರೆಯುತ್ತಾರಲ್ಲ ಎಂದು ಅವಳು ಮೆಲ್ಲಗೆ ಕೇಳಿದಳು. ಮಾಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಅಪ್ಪ ಅವರನ್ನು ಶಾಲೆಗೆ ಸೇರಿಸುವಾಗ, ಸೇರಿಸಿಕೊಳ್ಳಲಿಲ್ಲವಾದರೆ ಎಂಬ ಹೆದರಿಕೆಯಲ್ಲಿ ಎರಡು ವರ್ಷ ಹೆಚ್ಚು ಹೇಳಿದ್ದರಂತೆ. ಈಗ ಸರ್ಕಾರದ ಪುಸ್ತಕದಲ್ಲಿ ಅವರಿಗೆ ಐವತ್ತನಾಲ್ಕು, ನಿಜಕ್ಕೆ ಐವತ್ತೆರಡು. ಮುಂದಿನ ವರ್ಷದ ಕೊನೆಗೆ ಐವತ್ತೈದೆಂದು ನಿವೃತ್ತಿ. ಅವರ ಕಿರಿಮಗಳು ಇನ್ನೂ ಪುತ್ತೂರಿನಲ್ಲಿ ಓದುತ್ತಿದ್ದಾಳೆ.

"ಇಲ್ಲಿ ಒಂದು ಸುಳ್ಳು ಬರೆದ್ರೆ ಅದು ಕೊನೆತನಕ ಬರ್ತದೆ. ನಂಗೆ ಬಂದಿದೆ. ನಾನು ಬರೆಯುದಿಲ್ಲ," ಎಂದರು.

ಅವಳು ಎದ್ದು ನಿಂತು ಮಗಳ ಕೈ ಹಿಡಿದಾಗ ಅವರಿಗೇ ತಡೆಯಲಾಗಲಿಲ್ಲವೇನೋ. ಹೆಸರಿಲ್ಲದೆ ಸುಮ್ಮನೆ ಕೂರಲಿ, ಬರುವ ಜೂನ್‌ನಲ್ಲಿ ಬರೆದುಕೊಳ್ಳುತ್ತೇನೆ ಎಂದರು.

ನೆಬೀಸ ಕೂತಳು. ಮಳೆಗಾಲವಿಡೀ ಬೀಫಾತುಮ್ಮ ಬೆಳಿಗ್ಗೆ ತೋಡು ದಾಟಿಸಿ ಬಿಟ್ಟು ಬಂದು, ಬೀಡಿಯ ಮೊರ ಮಡಿಲಿಗೆಳೆದುಕೊಂಡು, ಸಂಜೆ ಪುನಃ ತೋಡಿನ ಬದಿಗೆ ಹೋಗಿ ಕಾಯುತ್ತಿದ್ದಳು. ಮಗಳು ದಿನಕ್ಕೊಂದು ಅಕ್ಷರ ತಂದು ಒಲೆಯ ಬದಿಯ ಬೂದಿಯಲ್ಲಿ ಬರೆಯುತ್ತಿದ್ದಳು. ಒಂದೇ ಒಂದು ಕೊರಗು ಅವಳದ್ದು. ಹಾಜರಿ ಕರೆಯುವಾಗ ಎಲ್ಲರ ಹೆಸರೂ ಬರುತ್ತದೆ, ತನ್ನದು ಬರುವುದಿಲ್ಲ. ದೊಡ್ಡ ಹೆಸರಿನವರನ್ನು ಮೊದಲು ಕರೆಯುತ್ತಾರೆ, ನಿನ್ನದು ಆಮೇಲೆ ಎಂದು ತಾಯಿ ಏನೋ ಹೇಳಿ ಸಮಾಧಾನ ಮಾಡಿದ್ದಳು.

ಜನವರಿಯಲ್ಲಿ ಇನ್ಸ್‌ಪೆಕ್ಟರು ಬಂದರು. ಪುಸ್ತಕದಲ್ಲಿ ಮೂವತ್ತೊಂದು ಹೆಸರು, ಕೋಣೆಯಲ್ಲಿ ಮೂವತ್ತೆರಡು ತಲೆ ಇರಬಾರದು. ಮಾಷ್ಟ್ರು ನೆಬೀಸಳನ್ನು ಹಿಂದಿನ ಬಾಗಿಲಿನಿಂದ ಮನೆಗೆ ಕಳಿಸಿದರು. ಆ ಐದು ವರ್ಷದ ಮಗು ಎರಡು ಮೈಲಿ ಒಬ್ಬಳೇ ನಡೆದು ಬಂದು, ಸ್ಲೇಟನ್ನು ಅಕ್ಕಿಯ ಮಡಕೆಯ ಹಿಂದೆ ತುರುಕಿ, "ಉಮ್ಮ, ನಾನು ಶಾಲೆಯವಳಲ್ಲಂತೆ," ಎಂದಳು. ಮರುದಿನ ಶಾಲೆಗೆ ಏಳಲಿಲ್ಲ. ಅದರ ಮರುದಿನವೂ ಇಲ್ಲ.

ಬೀಫಾತುಮ್ಮ ಗದರಲಿಲ್ಲ, ಗದರುವ ತ್ರಾಣವೂ ಇರಲಿಲ್ಲ. ನಾಲ್ಕನೆಯ ದಿನ ತಾನೇ ಸ್ಲೇಟು ಹುಡುಕಿ ತೆಗೆದು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಟಳು. ಏರಿನಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಶಾಲೆಯಲ್ಲಿ ಮಾಷ್ಟ್ರು ಮಗುವನ್ನು ಇಳಿಸಿಕೊಂಡರು. ಅಂದಿನಿಂದ ಹಾಜರಿ ಮುಗಿದ ಮೇಲೆ, ಪುಸ್ತಕ ಮುಚ್ಚಿ, ಬಾಯಿಯಲ್ಲಿಯೇ ಒಂದು ಹೆಸರು ಕರೆಯತೊಡಗಿದರು. ನೆಬೀಸ ಪುನಃ ದಿನಾ ಹೋದಳು.

ಮುಂದಿನ ಜೂನ್ ಬಂತು. ಒಂದನೆಯ ತಾರೀಕು ಸೋಮವಾರ. ಇನ್ನು ಒಂದನೆ ಕ್ಲಾಸಿಗೆ ಬರೆಯಲು ಅಡ್ಡಿಯಿಲ್ಲ, ಆದರೆ ಹುಡುಗಿ ಒಂದನೆಯ ಪಾಠವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾಳೆ ಎಂದು ಮಾಷ್ಟ್ರು ಹೇಳಿದರು. ಹಾಗಾದರೆ ಎರಡನೆಗೇ ಸೇರಿಸಲು ಬರುವುದಿಲ್ಲವೇ ಎಂದು ಅವಳು ಕೇಳಿದಳು. ಮನೆಯಲ್ಲಿ ಕಲಿತ ಮಕ್ಕಳನ್ನು ಪರೀಕ್ಷೆ ಮಾಡಿ ಎರಡನೆಗೆ ತೆಗೆದುಕೊಳ್ಳುವುದು ಉಂಟು ಎಂದು ಹೇಳಿ ಮಾಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ, ಎರಡನೆಗೆ ಆರು ತುಂಬಿರಬೇಕು ಎಂದು ಅವರು ಕಷ್ಟಪಟ್ಟು ಹೇಳಿದರು. ಜೂನ್ ಒಂದಕ್ಕೆ.

ಅದೇ ಹತ್ತೊಂಬತ್ತು ದಿನ.

ಬೀಫಾತುಮ್ಮನಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಬಾಗಿಲ ಕಂಬಕ್ಕೆ ಒರಗಿ ನಿಂತು ಬೆರಳಿನಲ್ಲಿ ಲೆಕ್ಕ ಹಾಕಿದಳು. ಆಮೇಲೆ ಹೇಳಿದಳು:

"ಮಾಷ್ಟ್ರೆ, ನಿಮ್ಮ ಅಪ್ಪ ಹೇಳಿದ್ದು ಎರಡು ವರ್ಷ, ನಿಮಗೆ ಹೋದದ್ದೂ ಎರಡು ವರ್ಷ. ಇವಳಿಗೆ ಹತ್ತೊಂಬತ್ತು ದಿನ ಬರೆದ್ರೆ ಕೊನೆಗೆ ಹೋಗುದು ಹತ್ತೊಂಬತ್ತು ದಿನ ಅಲ್ವಾ? ಅದು ಹೋಗ್ಲಿ. ನಾನು ತಿಳಿದೇ ಹೇಳ್ತಿದ್ದೇನೆ. ಬರೆಯದಿದ್ರೆ ಈಗ ಒಂದು ವರ್ಷ ಹೋಗ್ತದೆ."

ಜತ್ತಪ್ಪ ಮಾಷ್ಟ್ರು ಅವಳ ಮುಖ ನೋಡಿದರು. ಅವಳಿಗೆ ಓದು ಬಾರದು, ಸಹಿ ಹಾಕುವಲ್ಲಿ ಹೆಬ್ಬೆಟ್ಟು ಒತ್ತುವವಳು. ಇದೇ ಲೆಕ್ಕವನ್ನು ಅವರು ಒಂದು ವರ್ಷದಿಂದ ಬೇರೆ ಕಡೆಯಿಂದ, ತಮ್ಮ ಎರಡು ವರ್ಷದ ಕಡೆಯಿಂದ, ಮಾಡುತ್ತಾ ಇದ್ದರು. ಸುಳ್ಳು ಸುಳ್ಳೇ ಎನ್ನುವುದೂ ಆ ಲೆಕ್ಕದಲ್ಲಿತ್ತು. ನೆಬೀಸಳನ್ನು ಕರೆದು ಪುಸ್ತಕ ಕೊಟ್ಟು ಓದಿಸಿದರು, ಐದು ಕೂಡುವ ಲೆಕ್ಕ ಕೊಟ್ಟರು. ಒಂದು ತಪ್ಪಿತು, ನಾಲ್ಕು ಸರಿ. ಅನಂತರ ಪೆನ್ನಿನ ಮುಚ್ಚಳ ತೆಗೆದು ಎರಡನೆಯ ತರಗತಿಯ ಪುಟದಲ್ಲಿ ಹೆಸರು ಬರೆದು, ಹುಟ್ಟಿದ ದಿನದ ಎದುರು ಜೂನ್ ಒಂದು ಎಂದು ಬರೆದರು. ಮೂವತ್ತು ವರ್ಷದ ನೌಕರಿಯಲ್ಲಿ ತಿಳಿದೂ ತಿಳಿದೂ ಬರೆದ ತಪ್ಪು ತಾರೀಕು ಇದೊಂದೇ ಎಂದು, ಶಾಯಿ ಆರುವವರೆಗೆ ಅದನ್ನೇ ನೋಡುತ್ತಾ, ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ಬೀಫಾತುಮ್ಮ ಹೆಬ್ಬೆಟ್ಟು ಒತ್ತಿದಳು.

ಮಗಳನ್ನು ಅಲ್ಲಿಯೇ ಬಿಟ್ಟು ಅವಳು ಮನೆಗೆ ಬಂದಾಗ ಮಧ್ಯಾಹ್ನ. ಪೋಕರ್ ಸಂತೆಯಿಂದ ಬೇಗ ಬಂದು ಗಂಜಿಗೆ ಕಾಯುತ್ತಿದ್ದ. ಏನಾಯಿತೆಂದು ಕೇಳಿದ. ಎರಡನೆ ಎಂದಳು. ಎರಡನೆಯೋ ಎಂದು ಅವನು ಪುನಃ ಕೇಳಿದ್ದಕ್ಕೆ ತಲೆಯಾಡಿಸಿ, ಗಂಜಿ ಬಡಿಸಿಟ್ಟು, ಮೊರವನ್ನು ಗೋಡೆಗೆ ಒರಗಿಸಿದಳು. ಅಂದು ಒಂದು ಬೀಡಿಯನ್ನೂ ಕಟ್ಟಲಿಲ್ಲ. ಬರಿ ನೆಲದ ಮೇಲೆ ಸೆರಗು ಹಾಸಿ ಮಲಗಿ, ತೋಡಿನ ಬದಿಗೆ ಹೋಗುವ ಹೊತ್ತಿಗೆ ತನ್ನನ್ನು ಎಬ್ಬಿಸಬೇಕೆಂದು ಗಂಡನಿಗೆ ಹೇಳಿ ಕಣ್ಣು ಮುಚ್ಚಿದಳು.