ಜೇಬಿನ ಮೇಲಿನ ಹೂವು

ಬಸ್ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಅಣ್ಣನಿಗೆ ಹವಾಯಿ ಶರ್ಟಿನ ಹುಚ್ಚು ಹಿಡಿದಿತ್ತು. ದೊಡ್ಡ ಹೂವು, ಸಡಿಲ ಮೈ, ತೆರೆದ ಕಾಲರು. "ಮೂವತ್ತು ವರ್ಷ ಕತ್ತಿನ ಗುಂಡಿ ಹಾಕಿದ್ದು ಸಾಕು ಕಣೋ," ಎನ್ನುತ್ತಿದ್ದ.

ಹೊಲಿದು ಕೊಡುತ್ತಿದ್ದವನು ದರ್ಜಿ ತಮ್ಮ. ಎದೆಯ ಮೇಲಿನ ಹೂವು ಜೇಬಿನಲ್ಲೂ ಹಾಗೇ ಮುಂದುವರಿಯಬೇಕು, ಜೇಬಿದೆಯೆಂದೇ ಗೊತ್ತಾಗಬಾರದು. ಹಾಗೆ ಕೂಡಿಸಲು ಬಾರದವನನ್ನು ಅವನು ದರ್ಜಿಯೆಂದೇ ಒಪ್ಪುತ್ತಿರಲಿಲ್ಲ.

ಈ ವರ್ಷ ಅವನ ಕಣ್ಣು ಮಂಜಾಯಿತು. ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅಣ್ಣನ ಹೊಸ ಶರ್ಟಿನ ಜೇಬನ್ನು ಮೂರು ಸಲ ಬಿಚ್ಚಿ ಹೊಲಿದು, ಕೊನೆಗೆ ಸರಿಯಾಗಿದೆ ಎಂದು ತನಗೆ ತಾನೇ ಹೇಳಿಕೊಂಡು ಕೊಟ್ಟ.

ಅಣ್ಣ ಅಂಗಡಿಯಲ್ಲೇ ತೊಟ್ಟು ಕನ್ನಡಿಯ ಮುಂದೆ ನಿಂತ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನಿಂತ.

"ಹೇಗಿದೆ?"

"ಜೋರಾಗಿದೆ. ನಿಮ್ಮತ್ತಿಗೆ ಇನ್ನು ನನ್ನ ಜೊತೆ ಬೀದಿಗೆ ಬರಲ್ಲ, ಅಷ್ಟೆ."

"ಜೇಬು?"

ಅಣ್ಣ ಜೇಬಿನ ಮೇಲೆ ಅಂಗೈ ಇಟ್ಟುಕೊಂಡ. "ಮುಂದಿನ ಸಲ ಜೇಬೇ ಬೇಡ ಬಿಡು. ಅದರಲ್ಲಿ ನಾನೇನು ಇಟ್ಕೋತೀನಿ?"

ಕನ್ನಡಕ, ಬೀಡಿ, ಬೆಂಕಿಪೊಟ್ಟಣ ಎಲ್ಲವನ್ನೂ ಜೇಬಿಗೇ ತುರುಕುವ ಮನುಷ್ಯ ಆಡಿದ ಮಾತು ಅದು. ದರ್ಜಿಗೆ ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಸ್ಟೂಲಿನ ಮೇಲೆ ಕೂತ.

"ಕೈ ತೆಗಿ ಅಣ್ಣ. ಎಷ್ಟು ತಪ್ಪಿದೆ ಹೇಳು."

ಅಣ್ಣ ಕೈ ತೆಗೆಯಲಿಲ್ಲ. "ಅರ್ಧ ಹೂವು," ಎಂದ.

ಕತ್ತರಿಸಲೆಂದು ಗುರುತು ಹಾಕಿದ್ದ ಗಿರಾಕಿಯೊಬ್ಬರ ಬಟ್ಟೆ ಮೇಜಿನ ಮೇಲೆ ಹರಡಿತ್ತು. ದರ್ಜಿ ಅದನ್ನು ಕತ್ತರಿಸದೆ ಮಡಿಚಿದ.