ಟ್ಯಾಂಕಿಗೆ ಏನ್ ಹಾಕಾಣ

ಓಬಕ್ಕನಿಗೆ ಗೊತ್ತಿದ್ದದ್ದು ಒಂದೇ ಟ್ಯಾಂಕ್. ತಾಳ್ಯದ ಕಡೆಯ ಅವರ ಹಟ್ಟಿಯಲ್ಲಿ, ಎಂಟು ಕಂಬಗಳ ಮೇಲೆ ನಿಂತ ನೀರಿನ ಟ್ಯಾಂಕ್. ಅವಳ ಮಗ ತಿಮ್ಮೇಶ ಅಲ್ಲಿ ವಾಟರ್‌ಮನ್. ಮೋಟರ್ ಹಾಕುವುದು, ಬ್ಲೀಚಿಂಗ್ ಪುಡಿ ಕಲಸುವುದು, ಸಂಜೆ ಐದಕ್ಕೆ ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುವುದು ಅವನ ಕೆಲಸ. ಅವಳಿಗೆ ಅದರ ಬಗ್ಗೆ ಒಂಚೂರು ಜಂಬವೂ ಇತ್ತು. ಇರಲಿ ಬಿಡಿ, ಯಾವ ತಾಯಿಗೆ ಇರುವುದಿಲ್ಲ?

ಆ ಸೋಮವಾರ ಮಧ್ಯಾಹ್ನ ಓಬಕ್ಕ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಒಳಗೆ ತಿಮ್ಮೇಶ ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನ್ ಹಿಡಿದಿದ್ದ. ಊಟವಾದ ಮೇಲೆ ಗೆಳೆಯರಾದ ಹೊಸದುರ್ಗದ ಬಾಲರಾಜು, ಹಿರಿಯೂರಿನ ಜಯಕುಮಾರ್ ಜೊತೆ ಅವನದು ದಿನಾ ಇದೇ ಕಥೆ. ಅವರು ಏನನ್ನುತ್ತಾರೋ ಇವಳಿಗೆ ಕೇಳಿಸದು. ಮಗನ ಮಾತಷ್ಟೇ ಕಿಟಕಿಯಿಂದ ಬರುತ್ತಿತ್ತು.

“ಟ್ಯಾಂಕಿಗೆ ಇವತ್ತು ಏನ್ ಹಾಕಾಣ, ಹೇಳ್ರಲೇ.”

ಬ್ಲೀಚಿಂಗು, ಇನ್ನೇನು ಎಂದುಕೊಂಡಳು ಓಬಕ್ಕ.

“ಹೋದ ಸಲದ್ದು ಬ್ಯಾಡ. ಅದಕ್ಕೆ ಯಾರೂ ಸಾಯ್ಲಿಲ್ಲ.”

ಅವಳ ಕೈ ನಿಂತಿತು.

“ಹೊಗೆ ಬರೋದು ಬ್ಯಾಡ ಕಣಲೇ, ದೂರದಿಂದ್ಲೇ ಗೊತ್ತಾಗ್ತೈತೆ. ಒಳಗೆ ಹೋದ್ಮ್ಯಾಲೆ ಕೆಲಸ ಮಾಡೋದು ಐತಲ್ಲ, ಅದನ್ನ ಹಾಕ್ತೀನಿ. ಹೊರಗೆ ಏನೂ ಕಾಣಲ್ಲ. ಹೂಂ, ಐದಕ್ಕೆ ನೀರು ಬಿಟ್ಟು ಬರ್ತೀನಿ. ಆಮ್ಯಾಲೆ ಒಂದು ನರಪಿಳ್ಳೆನೂ ಉಳೀಬಾರ್ದು.”

ಓಬಕ್ಕ ಹುಣಸೆಹಣ್ಣು ಬದಿಗೆ ಸರಿಸಿದಳು. ಅಯ್ಯೋ ನನ್ನಪ್ಪನೇ, ಏನು ಕೇಳಿದೆ ನಾನು?

ಕೇಳಿದ್ದು ಸುಳ್ಳೆನ್ನಲು ಮನಸ್ಸು ಒದ್ದಾಡಿತು. ಆದರೆ ಹದಿನೈದು ದಿನದ ಹಿಂದಿನ ಗ್ರಾಮಸಭೆ ಕಣ್ಣಮುಂದೆ ಬಂತು. ಫೋನ್ ನೋಡುತ್ತಾ ವಾಲ್ವ್ ಮರೆತನೆಂದು ಮೆಂಬರ್ ಜಂಪಣ್ಣ ಊರೆದುರು ತಿಮ್ಮೇಶನ ಮರ್ಯಾದೆ ತೆಗೆದಿದ್ದ. “ನಿನ್ನ ನಂಬ್ಕಂಡು ನೀರು ಕುಡೀತೀವಲ್ಲ, ನಮಗೆ ಬುದ್ಧಿ ಇಲ್ಲ” ಅಂದಿದ್ದ. ಎಲ್ಲರೂ ನಕ್ಕರು. ಮಗ ಅವತ್ತು ಮುದ್ದೆ ಮುಟ್ಟದೆ ಮಲಗಿದ. “ಗೊತ್ತಾಗ್ತೈತೆ ಬಿಡು ಅವರಿಗೆ, ಒಂದಿನ” ಅಂದದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

ಅಷ್ಟರಲ್ಲಿ ತಿಮ್ಮೇಶ ಹೊರಬಂದು ಸೈಕಲ್ಲಿಗೆ ಒಂದು ಬಿಳಿ ಚೀಲ ಕಟ್ಟತೊಡಗಿದ.

“ಏನಪ್ಪ ಅದು?” ಅವಳು ಎದ್ದು ಬಂದು ಕೇಳಿದಳು.

“ಪುಡಿ ಕಣವ್ವ, ಟ್ಯಾಂಕಿಗೆ,” ಎಂದು ನಗುತ್ತಾ ಹೊರಟೇಬಿಟ್ಟ.

ಅವಳು ಹಾಗೇ ನಿಂತಳು. ಜಂಪಣ್ಣನಿಗೆ ಹೇಳಿದರೆ ಮಗ ಜೈಲಿಗೆ. ಸುಮ್ಮನಿದ್ದರೆ ಊರಿಗೆ ಊರೇ ಮಸಣಕ್ಕೆ. ಪಕ್ಕದ ಮನೆ ರೇಣುಕಮ್ಮ ಆಗಲೇ ನಲ್ಲಿಯ ಕೆಳಗೆ ಕೊಡ ಇಟ್ಟಿದ್ದಳು. ಅವಳ ಬಾಣಂತಿ ಮಗಳು ಒಳಗೆ ಜೋಗುಳ ಹಾಡುತ್ತಿದ್ದಳು. ಓಬಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಅರವತ್ತರ ಹೆಂಗಸು, ಮಂಡಿನೋವಿನವಳು, ಬರಿಗಾಲಲ್ಲಿ ಓಡಿದಳು.

ಟ್ಯಾಂಕಿನ ಬುಡದಲ್ಲಿ ಸೈಕಲ್ ಬಿದ್ದಿತ್ತು, ಚೀಲವಿರಲಿಲ್ಲ. ಮೇಲೆ, ಏಣಿಯ ತುದಿಯಲ್ಲಿ, ಮಗ ಮುಚ್ಚಳದೊಳಗೆ ಬಗ್ಗಿದ್ದ.

ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಯುವಾಗ ನೀರು ಖಾಲಿ ಮಾಡುವ ಚಕ್ರ ಯಾವುದೆಂದು ಅವಳಿಗೆ ಗೊತ್ತಿತ್ತು. ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಅದು ಅಲ್ಲಾಡಲಿಲ್ಲ. ದೇವರೇ, ದೇವರೇ ಎನ್ನುತ್ತಾ ಮೈಯನ್ನೆಲ್ಲ ಹಾಕಿ ತಿರುವಿದಳು. ಅಂಗೈ ಸುಲಿಯಿತು, ಚಕ್ರ ಕಿರ್ರೆಂದಿತು, ನೀರು ಭೋರೆಂದು ಪಕ್ಕದ ಹೊಲಕ್ಕೆ ನುಗ್ಗಿತು.

“ಏಯ್, ಯಾರಲೇ ಅದು!” ತಿಮ್ಮೇಶ ದಡದಡ ಇಳಿದು ಬಂದು ನೋಡಿದರೆ, ತಾಯಿ ಕೆಸರಲ್ಲಿ ಕೂತು ಚಕ್ರ ಅಪ್ಪಿಕೊಂಡಿದ್ದಾಳೆ.

“ಅವ್ವಾ! ಏನ್ ಮಾಡ್ದೆ?”

“ನೀನು ಓಡೋಗಪ್ಪ,” ಅವಳು ಅವನ ಕಾಲು ಹಿಡಿದಳು. “ಬಸ್ ಹತ್ತು, ಎಲ್ಲಾದ್ರೂ ಹೋಗು. ವಿಷ ನಾನೇ ಹಾಕಿದ್ದು ಅಂತ ಹೇಳ್ತೀನಿ. ಕಿಟಕಿಯಿಂದ ಎಲ್ಲಾ ಕೇಳಿಸ್ಕಂಡೆ ಕಣಪ್ಪ. ಒಂದು ನರಪಿಳ್ಳೆನೂ ಉಳೀಬಾರ್ದು ಅಂದ್ಯಲ್ಲೋ.”

ಅವನು ಒಂದು ಗಳಿಗೆ ಪಿಳಿಪಿಳಿ ನೋಡಿದ. ಆಮೇಲೆ ನಕ್ಕ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಫೋನ್ ತೆಗೆದು ಅವಳ ಮುಂದೆ ಹಿಡಿದ. ಪರದೆಯ ಮೇಲೆ ಹಸಿರು ಬಣ್ಣದ, ಉದ್ದ ಮೂತಿಯ ಯುದ್ಧದ ಗಾಡಿಯೊಂದು ತಿರುಗುತ್ತಿತ್ತು.

“ಇದೂ ಟ್ಯಾಂಕೇ ಕಣವ್ವ. ಆಟದ್ದು. ನಾವು ಮೂರು ಜನ ಒಂದು ಕಡೆ, ಬ್ಯಾರೆ ಊರೋರು ಇನ್ನೊಂದು ಕಡೆ. ಆಟಕ್ಕೆ ಇಳಿಯೋಕೆ ಮುಂಚೆ ಗಾಡಿಗೆ ಏನೇನು ತುಂಬ್ಕಂಬೇಕು ಅಂತ ಆರಿಸ್ಬೇಕು. ಇದು ಹೊಗೆ ಬಿಡೋದು. ಇದು ದಪ್ಪ ತಗಡು, ಹಾಕಿದ್ರೆ ಗಾಡಿ ಓಡಲ್ಲ. ಇದು ತಗಡು ತೂತು ಮಾಡಿ ಒಳಗೆ ಹೋಗೋ ಗುಂಡು. ಒಳಗೆ ಹೋದ್ಮ್ಯಾಲೆ ಸಿಡೀತೈತೆ, ಹೊರಗೆ ಕಾಣಲ್ಲ. ಅದನ್ನೇ ನಾನು…”

ಅಲ್ಲಿಗೆ ಅವನ ನಗು ನಿಂತಿತು.

“ಹಂಗಾರೆ, ನಾನು ಊರ ನೀರಿಗೆ ವಿಷ ಹಾಕ್ತೀನಿ ಅಂತ ನಂಬಿದ್ಯಾ? ನೀನೂನಾ ಅವ್ವ?”

ಅಷ್ಟರಲ್ಲಿ ನೀರಿನ ಸದ್ದಿಗೆ ಜನ ಸೇರಿದರು. ಜಂಪಣ್ಣ ದೂರದಿಂದಲೇ ಕೂಗಾಡುತ್ತಾ ಬಂದ. ತಿಮ್ಮೇಶ ತಾಯಿಯನ್ನು ಹಿಂದಕ್ಕೆ ಸರಿಸಿ, “ತೊಳೆಯೋಕೆ ನಾನೇ ಬಿಟ್ಟಿದ್ದೆ ಕಣಣ್ಣ, ಹೇಳೋದು ಮರೆತೆ” ಅಂದ. ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿದ. ಅವಳು ಸುಲಿದ ಅಂಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮಾರನೆಯ ದಿನ ಐದಕ್ಕೆ ಮೊದಲು ತಿಮ್ಮೇಶ ಟ್ಯಾಂಕಿನಿಂದ ಒಂದು ಚೊಂಬು ನೀರು ತಂದು, ತಾಯಿಯ ಎದುರು ನಿಂತು, ಗಟಗಟ ಕುಡಿದು, ವಾಲ್ವ್ ತಿರುಗಿಸಲು ಹೋದ. ಅದರ ಮಾರನೆಯ ದಿನವೂ ಹಾಗೇ. ಮೂರನೆಯ ದಿನ ಓಬಕ್ಕನಿಗೆ ತಡೆಯಲಾಗಲಿಲ್ಲ.

“ಸಾಕು ಮಾಡಪ್ಪ. ನಂಗೆ ನಿನ್ ಮ್ಯಾಲೆ ನಂಬಿಕೆ ಐತೆ,” ಎಂದು ಚೊಂಬು ಕಿತ್ತುಕೊಂಡಳು. “ಕೊಡಿಲ್ಲಿ, ನಾನೇ ಮೊದ್ಲು ಕುಡೀತೀನಿ.”

ಚೊಂಬು ಬಾಯಿಗೆ ಹತ್ತಿರ ಬಂದಾಗ ಅವಳ ಕೈ ನಡುಗಿತು. ಬ್ಯಾಡ ಬ್ಯಾಡವೆಂದರೂ ನಡುಗಿತು. ಕಣ್ಣು ಮುಚ್ಚಿ ಪೂರ್ತಿ ಕುಡಿದಳು. ತೆರೆದು ನೋಡಿದರೆ, ತಿಮ್ಮೇಶ ಅವಳ ಕೈಯನ್ನೇ ನೋಡುತ್ತಿದ್ದ.